ಬೆಂಬಲವಿಲ್ಲದ ಡಿಸ್ಟ್ರೊದಲ್ಲಿ ಸಂಗೀತ ತಂತ್ರಾಂಶ: ಒಂದು ಅತಿದೇಶ ವಿಚಾರ

ವಿಷಯ

ಬರ್ಲಿನ್ನಿನ ಬಿಟ್‌ವಿಗ್ ಕಂಪನಿ ಶುರುವಾದದ್ದು 2009ರಲ್ಲಿ. ಅದರ ಸಂಗೀತ ತಂತ್ರಾಂಶ ಬಿಟ್‌ವಿಗ್ ಸ್ಟುಡಿಯೊ 2014ರ ಮಾರ್ಚ್‌ನಲ್ಲಿ ಹೊರಬಂದಾಗ ವಿಂಡೋಸ್, ಮ್ಯಾಕ್‌ಗಳ ಜೊತೆಗೆ ಲಿನಕ್ಸ್‌ಗೂ ಬಂತು. ದುಡ್ಡು ಕೊಟ್ಟು ಕೊಳ್ಳುವ ಈ ಬಗೆಯ ತಂತ್ರಾಂಶಗಳಲ್ಲಿ ಹೆಚ್ಚಿನವು ಲಿನಕ್ಸ್ ಕಡೆ ತಿರುಗಿಯೂ ನೋಡದಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಕಂಪನಿಯ ಲೆಕ್ಕದಲ್ಲಿ ಲಿನಕ್ಸ್ ಅಂದರೆ ಉಬುಂಟು. ಅವರು ಕೊಡುವುದು ಡೆಬ್ ಪ್ಯಾಕೇಜು. ಈಚಿನ ಆವೃತ್ತಿಗಳಲ್ಲಿ ಅದರ ಜೊತೆಗೆ ಫ್ಲಾಟ್‌ಪ್ಯಾಕ್. ಫೆಡೋರಾ ಬಳಸುವವನು ತನ್ನ ಆರ್‌ಪಿಎಂ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಆರ್ಚ್, ಓಪನ್‌ಸೂಸೆ, ವಾಯ್ಡ್ ಬಳಸುವವರ ಪಾಡೂ ಅದೇ.

ಕಂಪನಿಯನ್ನು ಇದಕ್ಕೆ ದೂರುವ ಹಾಗಿಲ್ಲ. ಉಬುಂಟುವಿನ ಎಲ್‌ಟಿಎಸ್ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಐದು ವರ್ಷ ಬಾಳುತ್ತದೆ. ಫೆಡೋರಾ ಆರು ತಿಂಗಳಿಗೊಮ್ಮೆ ಬರುತ್ತದೆ, ಹದಿಮೂರು ತಿಂಗಳ ಆಸುಪಾಸಿನಲ್ಲಿ ಅದರ ಆಯುಸ್ಸು ತೀರುತ್ತದೆ. ಆರ್ಚ್‌ಗಂತೂ ಆವೃತ್ತಿಯೆಂಬುದೇ ಇಲ್ಲ, ದಿನಾ ಬದಲಾಗುತ್ತಿರುತ್ತದೆ. ಪರೀಕ್ಷೆ ಮಾಡುವವರು ಯಾವುದನ್ನು ಆರಿಸುತ್ತಾರೆಂಬುದಕ್ಕೆ ಯೋಚನೆಯೇ ಬೇಡ.

ಸಂಶಯ

‘ಬೆಂಬಲವಿಲ್ಲ’ ಎಂದಾಗ ಕಂಪನಿ ಏನು ಹೇಳಿದ ಹಾಗಾಯಿತು? ಅಲ್ಲಿ ಓಡುವುದಿಲ್ಲ ಎಂದೇ? ಓಡಿಸಿ ನೋಡಿಲ್ಲ ಎಂದೇ? ಓಡದಿದ್ದರೆ ನಮಗೆ ಮೇಲ್ ಹಾಕಬೇಡಿ ಎಂದೇ? ಅಥವಾ ಓಡಿಸಕೂಡದು ಎಂದೇ? ನಾಲ್ಕೂ ಬೇರೆ ಬೇರೆ ಮಾತು. ಇವನ್ನು ಕಲಸಿಬಿಡುವುದರಿಂದಲೇ ಈ ವಿಚಾರದಲ್ಲಿ ಅರ್ಧಕ್ಕರ್ಧ ಜಗಳ.

ಪೂರ್ವಪಕ್ಷ

ಪೂರ್ವಪಕ್ಷದವರು ಇಬ್ಬರಿದ್ದಾರೆ, ಒಬ್ಬರಿಗೊಬ್ಬರು ಎದುರು. ಮೊದಲನೆಯವನ ವಾದ ಹೀಗೆ: ತಯಾರಿಸಿದವರೇ ಉಬುಂಟು ಎಂದಮೇಲೆ ಉಬುಂಟುವೇ. ಅದನ್ನು ಬಿಟ್ಟು ಮಾಡಿದ್ದು ಹೇಗೋ ಓಡಿದರೂ ಅದಕ್ಕೆ ಆಧಾರವಿಲ್ಲ. ಎರಡನೆಯವನು ಹೇಳುವುದು: ಕರ್ನಲ್ ಒಂದೇ, ಪ್ರೊಸೆಸರ್ ಒಂದೇ, ಎಲ್ಲ ಲಿನಕ್ಸೂ ಒಂದೇ, ಡೆಬ್ ಬಿಚ್ಚಿ ಅದರದರ ಜಾಗಕ್ಕೆ ಸುರಿದರೆ ಮುಗಿಯಿತು.

ಇವರಲ್ಲಿ ಮೊದಲನೆಯವನಿಂದ ಯಾರಿಗೂ ಅಪಾಯವಿಲ್ಲ. ಹೆಚ್ಚೆಂದರೆ ಅವನು ಉಬುಂಟು ಹಾಕಿಕೊಳ್ಳುತ್ತಾನೆ. ಎರಡನೆಯವನ ಮಾತು ಕೇಳಿದವರು ಕೆಲವೊಮ್ಮೆ ಯಂತ್ರವನ್ನೇ ಕಳೆದುಕೊಳ್ಳುತ್ತಾರೆ. ಹೇಗೆಂದರೆ, ಫೆಡೋರಾದಲ್ಲಿ ಮೂಲ ಡೈರೆಕ್ಟರಿಯಲ್ಲಿ ಕಾಣುವ ‘ಲಿಬ್’ ನಿಜವಾದ ಡೈರೆಕ್ಟರಿಯಲ್ಲ, ‘ಯುಎಸ್ಆರ್’ ಒಳಗಿನ ಲಿಬ್ ಕಡೆ ತೋರಿಸುವ ಕೊಂಡಿ. ಸಂಗೀತದ್ದೋ ಇನ್ನಾವುದರದೋ, ಲಿಬ್ ಎಂಬ ಡೈರೆಕ್ಟರಿ ಇರುವ ಹಳೆಯ ಡೆಬ್ ಒಂದನ್ನು ರೂಟ್ ಅಧಿಕಾರದಲ್ಲಿ ಟಾರ್ ಆದೇಶದಿಂದ ಮೂಲ ಡೈರೆಕ್ಟರಿಯ ಮೇಲೆಯೇ ಬಿಚ್ಚಿದರೆ, ಗ್ನೂ ಟಾರ್ ಆ ಕೊಂಡಿಯನ್ನು ಅಳಿಸಿ ಅಲ್ಲೊಂದು ಹೊಸ ಡೈರೆಕ್ಟರಿ ಮಾಡುತ್ತದೆ. ಹಾಗೆ ಮಾಡಬೇಡ ಎಂದು ಬೇರೆಯಾಗಿ ಹೇಳದಿದ್ದರೆ ಅದರ ಸಹಜ ರೀತಿಯೇ ಅದು. ಲಿಬ್ ಮೂಲಕ ಹೋಗಿ ಏನನ್ನಾದರೂ ಹುಡುಕುವ ಪ್ರೋಗ್ರಾಮಿಗೆಲ್ಲ ಆ ಕ್ಷಣದಿಂದ ದಾರಿ ಮುಚ್ಚುತ್ತದೆ. ಎಲ್ಲ ಲಿನಕ್ಸೂ ಒಂದೇ ಅಲ್ಲ.

ಸಿದ್ಧಾಂತ

ಈ ತೊಡಕು ಹೊಸದೇನಲ್ಲ. ಜೈಮಿನಿಯ ಮೀಮಾಂಸಾಸೂತ್ರದ ಹನ್ನೆರಡು ಅಧ್ಯಾಯಗಳಲ್ಲಿ ಏಳನೆಯದರಿಂದ ಹತ್ತನೆಯದರವರೆಗೆ ನಡೆಯುವ ಚರ್ಚೆ ಇದರದೇ ಜಾತಿಯದು. ಕೆಲವು ಯಾಗಗಳ ವಿವರ ವೇದದಲ್ಲಿ ಪೂರ್ತಿ ಸಿಗುತ್ತದೆ, ದರ್ಶಪೂರ್ಣಮಾಸದ ಹಾಗೆ. ಅದು ಪ್ರಕೃತಿ. ಇನ್ನು ಕೆಲವಕ್ಕೆ ಹೆಸರು, ದೇವತೆ, ದ್ರವ್ಯ, ಫಲ ಇಷ್ಟು ಹೇಳಿ ಸುಮ್ಮನಾಗಿದೆ. ಅವು ವಿಕೃತಿಗಳು. ಉಳಿದ ಅಂಗಗಳನ್ನೆಲ್ಲ ಪ್ರಕೃತಿಯಿಂದ ತಂದುಕೊಳ್ಳಬೇಕು, ಅದು ಅತಿದೇಶ. ತರುವಾಗ ಹೆಸರು ಹೊಂದದಿದ್ದರೆ ಬದಲಿಸಬೇಕು. ಅದು ಊಹ, ಒಂಬತ್ತನೆಯ ಅಧ್ಯಾಯ. ಇಲ್ಲಿ ಪ್ರಯೋಜನವೇ ಇಲ್ಲದ ಅಂಗವನ್ನು ಬಿಡಬೇಕು. ಅದು ಬಾಧ, ಹತ್ತನೆಯದು.

ನನ್ನ ಮಾತು ಇಷ್ಟೇ: ಉಬುಂಟು ಪ್ರಕೃತಿ, ಫೆಡೋರಾ ವಿಕೃತಿ. ಬೆಂಬಲವಿಲ್ಲದ ಡಿಸ್ಟ್ರೊದಲ್ಲಿ ಇನ್‌ಸ್ಟಾಲ್ ಮಾಡುವುದು ಅತಿದೇಶ ಕರ್ಮ. ಅದು ನಿಷಿದ್ಧವೂ ಅಲ್ಲ, ತಾನಾಗಿ ಸಿದ್ಧಿಸುವುದೂ ಅಲ್ಲ. ಏನನ್ನು ಹಾಗೇ ತರಬೇಕು, ಯಾವುದರ ಹೆಸರು ಬದಲಿಸಬೇಕು, ಯಾವುದನ್ನು ಕೈಬಿಡಬೇಕು ಎಂದು ಒಂದೊಂದನ್ನೂ ವಿಚಾರಿಸಿ ಮಾಡಿದರೆ ಸಾಧು. ವಿಚಾರಿಸದೆ ಮಾಡಿದ್ದು, ಓಡಿದರೂ, ಅಸಾಧು.

ತರುವುದು. ಡೆಬ್ ಫೈಲೊಳಗೆ ನಿಗೂಢವೇನಿಲ್ಲ. ಎಆರ್ ಎಂಬ ಹಳೆಯ ಸಂಗ್ರಹ ರೂಪದ ಒಂದು ಕಟ್ಟು ಅದು, ಒಳಗೆ ಮೂರು ತುಂಡು: ರೂಪದ ಆವೃತ್ತಿ ಹೇಳುವ ಪುಟ್ಟ ಪಠ್ಯ, ‘ಕಂಟ್ರೋಲ್’ ಎಂಬ ಟಾರ್, ‘ಡೇಟಾ’ ಎಂಬ ಟಾರ್. ಯಾವ ಡಿಸ್ಟ್ರೊದಲ್ಲಾದರೂ ಇದನ್ನು ಒಂದು ಖಾಲಿ ಫೋಲ್ಡರಿನಲ್ಲಿ ಬಿಚ್ಚಿ ನೋಡಬಹುದು, ನೋಡಿಯೇ ಮುಂದುವರಿಯಬೇಕು. ಬಿಟ್‌ವಿಗ್‌ನ ಡೇಟಾ ಕಟ್ಟಿನಲ್ಲಿ ಬಹುಪಾಲು ‘ಆಪ್ಟ್’ ಕೆಳಗೆ ಒಂದೇ ಫೋಲ್ಡರಿನಲ್ಲಿ ಕೂತಿರುತ್ತದೆ. ತನಗೆ ಬೇಕಾದ ಜಾವಾವನ್ನೂ ಸಾಕಷ್ಟು ಲೈಬ್ರರಿಗಳನ್ನೂ ಅದು ತನ್ನ ಜೊತೆಯಲ್ಲೇ ಹೊತ್ತು ತಂದಿರುತ್ತದೆ. ಹೊರಗೆ ಉಳಿಯುವುದು ‘ಬಿನ್’ನಲ್ಲಿ ಒಂದು ಕೊಂಡಿ, ಮೆನುವಿಗೆ ಬೇಕಾದ ಡೆಸ್ಕ್‌ಟಾಪ್ ಫೈಲು, ಐಕಾನುಗಳು, ಇಂಥವು. ಇಷ್ಟು ಅಡಕವಾಗಿ ಕಟ್ಟಿದ್ದನ್ನು ಬೇರೆಡೆಗೆ ಒಯ್ಯುವುದು ಸುಲಭ. ಎಲ್ಲ ಕಂಪನಿಗಳೂ ಹೀಗೆ ಕಟ್ಟುವುದಿಲ್ಲ.

ಊಹ. ಕಷ್ಟ ಶುರುವಾಗುವುದು ಇಲ್ಲಿ, ಆದ್ದರಿಂದ ಇಲ್ಲಿ ನಿಲ್ಲಬೇಕು. ತಂತ್ರಾಂಶ ಏಳದಿದ್ದಾಗ ಮೊದಲು ಕೇಳಬೇಕಾದ್ದು ಎಲ್‌ಡಿಡಿ ಎಂಬ ಆದೇಶವನ್ನು. ಒಂದು ಫೈಲಿಗೆ ಯಾವ ಯಾವ ಲೈಬ್ರರಿ ಬೇಕು, ಅವು ಈ ಯಂತ್ರದಲ್ಲಿ ಎಲ್ಲಿ ಸಿಕ್ಕಿವೆ, ಯಾವುದು ಸಿಕ್ಕಿಲ್ಲ ಎಂದು ಅದು ಸಾಲುಸಾಲಾಗಿ ಹೇಳುತ್ತದೆ. (ಗುರುತು ಪರಿಚಯವಿಲ್ಲದ ಕಡೆಯಿಂದ ಬಂದ ಫೈಲಿನ ಮೇಲೆ ಮಾತ್ರ ಇದನ್ನು ಓಡಿಸಬೇಡಿ, ಕೆಲವು ಸಂದರ್ಭದಲ್ಲಿ ಎಲ್‌ಡಿಡಿ ಆ ಫೈಲನ್ನೇ ಓಡಿಸಿಬಿಡಬಲ್ಲದು.) ಒಂದು ಸೂಕ್ಷ್ಮವಿದೆ. ಬಿಟ್‌ವಿಗ್ ಒಂದೇ ಪ್ರೋಗ್ರಾಮ್ ಅಲ್ಲ. ಕಣ್ಣಿಗೆ ಕಾಣುವ ಕಿಟಕಿ ಒಂದು ಪ್ರಕ್ರಿಯೆ, ಧ್ವನಿ ಹೊರಡಿಸುವ ಆಡಿಯೊ ಎಂಜಿನ್ ಇನ್ನೊಂದು, ಪ್ಲಗಿನ್‌ಗಳನ್ನು ಹೊತ್ತು ನಿಲ್ಲುವ ಹೋಸ್ಟ್ ಮತ್ತೊಂದು. ಪ್ಲಗಿನ್ ಕುಸಿದರೂ ಹಾಡು ಉಳಿಯಲಿ ಎಂದು ಮಾಡಿದ ಏರ್ಪಾಡು ಇದು. ಕಿಟಕಿ ತೆರೆಯಿತು, ಟ್ರ್ಯಾಕ್ ಕಾಣಿಸಿತು, ಆದರೆ ಎಂಜಿನ್ ಸತ್ತಿದೆ ಎಂದು ಬಂತು ಅಂದುಕೊಳ್ಳಿ. ಆಗ ಎಲ್‌ಡಿಡಿ ಹಾಕಬೇಕಾದ್ದು ಮೆನುವಿನಲ್ಲಿ ಒತ್ತಿದ ಫೈಲಿನ ಮೇಲಲ್ಲ, ಒಳಗಿನ ‘ಬಿನ್’ ಫೋಲ್ಡರಿನಲ್ಲಿರುವ ಎಂಜಿನ್ ಫೈಲಿನ ಮೇಲೆ.

ಸಿಗದ ಲೈಬ್ರರಿಗಳಲ್ಲೂ ಜಾತಿಗಳಿವೆ. ಬಿಜಿಪ್2 ಎಂಬ ಸಂಕೋಚನ ಲೈಬ್ರರಿಯನ್ನೇ ನೋಡಿ. ಉಬುಂಟು ಸೇರಿರುವ ಡೆಬಿಯನ್ ಮನೆತನದಲ್ಲಿ ಅದರ ಒಳಹೆಸರು ‘1.0’ ಎಂದು ಮುಗಿಯುತ್ತದೆ, ಫೆಡೋರಾದಲ್ಲಿ ಬರೀ ‘1’ ಎಂದು. ಕೋಡ್ ಅದೇ, ಕರೆಯುವ ಕ್ರಮ ಅದೇ. ಡೆಬಿಯನ್ ಮೇಲೆ ಕಟ್ಟಿದ ಪ್ರೋಗ್ರಾಮ್ ಫೆಡೋರಾಕ್ಕೆ ಬಂದು ‘1.0’ ಎಂದು ಕೂಗಿದರೆ ಓಗೊಡುವವರಿಲ್ಲ. ಇದು ಶುದ್ಧ ಊಹದ ಪ್ರಸಂಗ: ಆಗ್ನೇಯ ಯಾಗದ ಮಂತ್ರ ಸೌರ್ಯ ಯಾಗಕ್ಕೆ ಬಂದಾಗ ಅಗ್ನಿಯ ಹೆಸರಿದ್ದಲ್ಲಿ ಸೂರ್ಯನ ಹೆಸರು ಹೇಳುವ ಹಾಗೆ, ‘1.0’ ಎಂಬ ಹೆಸರಿನ ಕೊಂಡಿಯೊಂದನ್ನು ‘1’ರ ಕಡೆ ತೋರಿಸಿದರೆ ಸಾಕು. ಆ ಕೊಂಡಿಯನ್ನು ವ್ಯವಸ್ಥೆಯ ಲೈಬ್ರರಿ ಫೋಲ್ಡರಿನಲ್ಲಿ ಇಡಬೇಡಿ. ಅದು ಫೆಡೋರಾದ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಡಿಎನ್‌ಎಫ್‌ನ ಸ್ವತ್ತು. ನಾಳೆ ಯಾವುದೋ ಪ್ರೋಗ್ರಾಮ್ ಅದನ್ನು ನಂಬಿ ಕೂತರೆ ಯಾರಿಟ್ಟದ್ದೆಂದು ನಿಮಗೇ ನೆನಪಿರುವುದಿಲ್ಲ. ಆಪ್ಟ್ ಕೆಳಗೆ ಬೇರೊಂದು ಫೋಲ್ಡರ್ ಮಾಡಿ ಅಲ್ಲಿಟ್ಟು, ತಂತ್ರಾಂಶವನ್ನು ಎಬ್ಬಿಸುವ ಎರಡು ಸಾಲಿನ ಸ್ಕ್ರಿಪ್ಟಿನಲ್ಲಿ ಆ ದಾರಿಯನ್ನು ಹೇಳಿಕೊಟ್ಟರೆ ಊಹ ಆ ಕರ್ಮಕ್ಕಷ್ಟೇ ಸೀಮಿತವಾಗಿರುತ್ತದೆ.

ಇದೇ ಕೈಚಳಕವನ್ನು ಓಪನ್‌ಎಸ್‌ಎಸ್‌ಎಲ್ ಮೇಲೆ ತೋರಿಸಿದರೆ ಕೆಟ್ಟಿತು. 2021ರ ಸೆಪ್ಟೆಂಬರಿನಲ್ಲಿ ಅದರ 3.0 ಬಂದಾಗ ಹೆಸರಿನಲ್ಲಿದ್ದ 1.1 ಹೋಗಿ 3 ಆದದ್ದು ಸುಮ್ಮನೆ ಅಲ್ಲ, ಒಳಗಿನ ಒಪ್ಪಂದವೇ ಬದಲಾಯಿತು. ಹಳೆಯ ಹೆಸರಿನ ಕೊಂಡಿ ಮಾಡಿ ಹೊಸ ಲೈಬ್ರರಿಗೆ ಕಟ್ಟಿದರೆ ಒಂದೋ ಪ್ರೋಗ್ರಾಮ್ ಏಳುವುದೇ ಇಲ್ಲ, ಇಲ್ಲವೇ ಎದ್ದು ಎಲ್ಲೋ ನಡುವೆ ಬೀಳುತ್ತದೆ. ಎರಡನೆಯದು ಹೆಚ್ಚು ಕೆಟ್ಟದ್ದು. ಇವೆರಡರ ನಡುವೆ ನಿಲ್ಲುವುದು ಕರ್ಲ್. ಡೆಬಿಯನ್‌ನಲ್ಲಿ ಗ್ನೂಟಿಎಲ್‌ಎಸ್ ಜೊತೆ ಕಟ್ಟಿದ ಕರ್ಲ್‌ಗೆ ಬೇರೆಯೇ ಹೆಸರಿದೆ, ಫೆಡೋರಾದಲ್ಲಿ ಆ ಹೆಸರಿಲ್ಲ. ಕೊಂಡಿ ಮಾಡಿದರೆ ಆವೃತ್ತಿಯ ಗುರುತು ಸಿಗಲಿಲ್ಲ ಎಂದು ಟರ್ಮಿನಲ್ಲಿನಲ್ಲಿ ಗೊಣಗುತ್ತ ಸಾಮಾನ್ಯವಾಗಿ ಕೆಲಸ ನಡೆಸಿಬಿಡುತ್ತದೆ. ಆ ಗೊಣಗಾಟವನ್ನು ಒಂದು ಕಡೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆದ್ದರಿಂದ ನಿಯಮ: ಹೆಸರು ಮಾತ್ರ ಬೇರೆಯಾಗಿದ್ದು ಕೆಲಸ ಒಂದೇ ಆಗಿದ್ದರೆ ಊಹ ಸಲ್ಲುತ್ತದೆ, ಕೆಲಸವೇ ಬೇರೆಯಾದಲ್ಲಿ ಅದು ಊಹವಲ್ಲ, ಸುಳ್ಳು ಹೆಸರು.

ಬಾಧ. ಮೀಮಾಂಸಕರ ಹೆಸರಾಂತ ಉದಾಹರಣೆ ಕೃಷ್ಣಲಗಳದು. ಆಯುಸ್ಸು ಬಯಸುವವನು ಮಾಡುವ ಪ್ರಾಜಾಪತ್ಯ ಚರುವಿನಲ್ಲಿ ಧಾನ್ಯದ ಬದಲು ಗುಲಗಂಜಿಯಂಥ ಚಿನ್ನದ ತುಣುಕುಗಳು. ಧಾನ್ಯವನ್ನು ಕುಟ್ಟುವುದು ಹೊಟ್ಟು ಹೋಗಲೆಂದು. ಚಿನ್ನಕ್ಕೆ ಹೊಟ್ಟೆಲ್ಲಿದೆ? ಕುಟ್ಟುವುದನ್ನು ಬಿಡಬೇಕು. ಡೆಬ್‌ನ ಕಂಟ್ರೋಲ್ ಕಟ್ಟಿನಲ್ಲಿ ಇಂಥ ಕುಟ್ಟುವ ಕೆಲಸ ಬೇಕಾದಷ್ಟಿರುತ್ತದೆ. ಇನ್‌ಸ್ಟಾಲ್ ಆದಮೇಲೆ ಮೆನು, ಐಕಾನ್, ಫೈಲ್ ಬಗೆಗಳ ಪಟ್ಟಿಯನ್ನು ಹೊಸದಾಗಿಸುವ ಆದೇಶಗಳು ಇದ್ದಾವೆನ್ನಿ. ಆರ್‌ಪಿಎಂ ಮಾಡಿ ಹಾಕಿಕೊಂಡರೆ ಫೆಡೋರಾ ಇದನ್ನು ತಾನಾಗಿಯೇ ಮಾಡಿಕೊಳ್ಳುತ್ತದೆ. ಡೆಬಿಯನ್ ಹೆಸರುಗಳಲ್ಲಿ ಬರೆದ ಅವಲಂಬನೆಗಳ ಪಟ್ಟಿಯಂತೂ ಡಿಎನ್‌ಎಫ್‌ಗೆ ಓದಲಿಕ್ಕೇ ಬಾರದ್ದು. ಅದನ್ನು ನಾವು ಓದಬೇಕು, ಯಂತ್ರಕ್ಕೆ ಕೊಡಬಾರದು.

ಜಾಕ್ ವಿಚಾರವೂ ಇಲ್ಲಿಗೇ ಸೇರುತ್ತದೆ. ಸಂಗೀತ ತಂತ್ರಾಂಶಗಳ ನಡುವೆ ಧ್ವನಿಯ ತಂತಿ ಎಳೆಯಲು ಪಾಲ್ ಡೇವಿಸ್ ಮಾಡಿದ ಜಾಕ್ ಸರ್ವರನ್ನು ಹಿಂದೆಲ್ಲ ಬೇರೆಯಾಗಿ ಎಬ್ಬಿಸಬೇಕಿತ್ತು. ಅದು ಎದ್ದರೆ ಬ್ರೌಸರಿನ ಧ್ವನಿ ನಿಲ್ಲುತ್ತಿತ್ತು. ವಿಮ್ ಟೇಮನ್ಸ್ ಶುರುಮಾಡಿದ ಪೈಪ್‌ವೈರ್ ಈ ಎರಡೂ ಕೆಲಸವನ್ನು ಒಂದೇ ಸರ್ವರಿಗೆ ತಂದಿತು. 2021ರ ಏಪ್ರಿಲ್‌ನಲ್ಲಿ ಬಂದ ಫೆಡೋರಾ 34 ಅದನ್ನೇ ಧ್ವನಿಯ ಮೂಲ ವ್ಯವಸ್ಥೆಯಾಗಿ ತೆಗೆದುಕೊಂಡಿತು. ಇಲ್ಲಿ ಜಾಕ್ ಬೇಕೆಂದು ಕೇಳುವ ತಂತ್ರಾಂಶಕ್ಕೆ ಪೈಪ್‌ವೈರ್‌ನ ಜಾಕ್ ಲೈಬ್ರರಿಯೇ ಉತ್ತರ ಕೊಡುತ್ತದೆ. ಒಂದಕ್ಕಾಗಿ ಮಾಡಿದ ಅಂಗ ಇನ್ನೊಂದಕ್ಕೂ ಆಗಿಬಂದರೆ ಜೈಮಿನಿ ಅದನ್ನು ಪ್ರಸಂಗ ಎನ್ನುತ್ತಾನೆ, ಹನ್ನೆರಡನೆಯ ಅಧ್ಯಾಯ. ಹಳೆಯ ಮಾರ್ಗದರ್ಶಿ ನೋಡಿ ಇನ್ನೊಂದು ಜಾಕ್ ಸರ್ವರ್ ತಂದು ಹಾಕಿಕೊಳ್ಳುವವರು, ಇದ್ದ ಒಂದು ಧ್ವನಿಯನ್ನೂ ಕಳೆದುಕೊಂಡು ಡಿಸ್ಟ್ರೊವನ್ನು ಬೈಯುತ್ತಾರೆ.

ಇನ್ನು ಬಿಡಬಾರದ್ದು ಒಂದಿದೆ. ಆ ಚಿನ್ನದ ತುಣುಕುಗಳನ್ನು ಕುಟ್ಟುವುದಿಲ್ಲ, ಆದರೆ ಬೇಯಿಸುತ್ತಾರೆ. ಚಿನ್ನ ಬೇಯುವುದಿಲ್ಲವಲ್ಲ ಎಂದರೆ, ಬೇಯಿಸಬೇಕೆಂದು ಅಲ್ಲೇ ಬೇರೆಯಾಗಿ ವಿಧಿ ಇದೆ. ಅದಕ್ಕೆ ಅವರು ಅದೃಷ್ಟ ಫಲ, ಅಂದರೆ ಕಣ್ಣಿಗೆ ಕಾಣದ ಫಲ, ಹೇಳುತ್ತಾರೆ. ನಮ್ಮಲ್ಲಿ ನಿಷ್ಪ್ರಯೋಜಕವೆಂದು ತೋರಿಯೂ ಉಳಿಸಿಕೊಳ್ಳಬೇಕಾದ ಅಂಗವೆಂದರೆ ರಿಯಲ್‌ಟೈಮ್ ಅನುಮತಿ, ಅಂದರೆ ಪ್ರೊಸೆಸರನ್ನು ಉಳಿದ ಪ್ರೋಗ್ರಾಮುಗಳಿಗಿಂತ ಮೊದಲು ಪಡೆಯುವ ಹಕ್ಕು. ಕಂಪ್ಯೂಟರಿನಲ್ಲಿ ಅದೃಷ್ಟವಿಲ್ಲ, ಇದರ ಫಲ ಮಾತ್ರ ತಡವಾಗಿ ಕಾಣುತ್ತದೆ. ಅನುಮತಿಯಿಲ್ಲದೆಯೂ ತಂತ್ರಾಂಶ ಏಳುತ್ತದೆ, ಹಾಡುತ್ತದೆ. ತಂಬೂರಿ ಟ್ರ್ಯಾಕ್ ಹಾಕಿಕೊಂಡು ಗಾಯಕಿ ಹೆಡ್‌ಫೋನಿನಲ್ಲಿ ತನ್ನದೇ ಧ್ವನಿ ಕೇಳುತ್ತ ಹಾಡಲು ನಿಂತಾಗ ಗೊತ್ತಾಗುವುದು. ಸೆಕೆಂಡಿಗೆ 48,000 ಸ್ಯಾಂಪಲ್ ಇರುವಲ್ಲಿ 1024ರ ಬಫರ್ ಇಟ್ಟರೆ ಒಂದು ಬಫರಿಗೇ 21 ಮಿಲಿಸೆಕೆಂಡು. ಒಳಬಂದು ಹೊರಹೋಗುವಷ್ಟರಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು. ಗಮಕದ ತುದಿ ಕಿವಿಗೆ ಬರುವಾಗ ಗಂಟಲು ಮುಂದಿನ ಸ್ವರದಲ್ಲಿರುತ್ತದೆ. 128ಕ್ಕೆ ಇಳಿಸಿದರೆ ಬಫರ್ 2.7 ಮಿಲಿಸೆಕೆಂಡು. ಆಗ ಪ್ರತಿ 2.7 ಮಿಲಿಸೆಕೆಂಡಿಗೊಮ್ಮೆ ಎಂಜಿನ್ ತನ್ನ ಕೆಲಸ ಮುಗಿಸಲೇಬೇಕು. ನಡುವೆ ಬ್ರೌಸರ್ ಎದ್ದು ಪ್ರೊಸೆಸರ್ ಕೇಳಿದರೆ ಪಟ್ ಎಂದು ಸದ್ದು, ರೆಕಾರ್ಡಿಂಗ್‌ನಲ್ಲಿ ಗೀರು.

ಆ ಅನುಮತಿ ಯಾವ ಗುಂಪಿನ ಹೆಸರಿನಲ್ಲಿ ಸಿಗುತ್ತದೆಂಬುದು ಡಿಸ್ಟ್ರೊಗೊಂದು. ಡೆಬಿಯನ್ ಕಡೆ ‘ಆಡಿಯೊ’, ಆರ್ಚ್‌ನಲ್ಲಿ ‘ರಿಯಲ್‌ಟೈಮ್’, ಫೆಡೋರಾದ ಜಾಕ್ ಪ್ಯಾಕೇಜು ತರುವುದು ‘ಜಾಕ್‌ಯೂಸರ್’. ಪೈಪ್‌ವೈರ್ ಮೂಲಕ ಹೋಗುವಾಗ ರಿಯಲ್‌ಟೈಮ್‌ಕಿಟ್ ಎಂಬ ಮಧ್ಯವರ್ತಿ ಒಂದಿಷ್ಟು ಅನುಮತಿ ಕೊಡಿಸುತ್ತದೆ, ಹಲವರಿಗೆ ಅಷ್ಟೇ ಸಾಕಾಗುತ್ತದೆ. ಸಾಲದವರು ಗುಂಪಿಗೆ ಹೆಸರು ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬಂದು, ಟರ್ಮಿನಲ್ಲಿನಲ್ಲಿ ‘ಯುಲಿಮಿಟ್’ ಆದೇಶವನ್ನು ಆರ್ ಗುರುತಿನೊಂದಿಗೆ ಕೇಳಬೇಕು. ಸೊನ್ನೆ ಬಂದರೆ ಅನುಮತಿ ಇನ್ನೂ ಬಂದಿಲ್ಲ. ಲಾಗ್‌ಔಟ್ ಆಗದೆ ಗಂಟೆಗಟ್ಟಲೆ ಬಫರ್ ತಿದ್ದುತ್ತ ಕೂರುವವರು ತುಂಬ. ವಿಶೇಷ ರಿಯಲ್‌ಟೈಮ್ ಕರ್ನಲ್ ಬೇಕೇ ಬೇಕು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಹುಕಾಲ ಹೊರಗೇ ಉಳಿದಿದ್ದ ಆ ತೇಪೆ 2024ರ 6.12 ಕರ್ನಲ್‌ನಲ್ಲಿ ಮೂಲಕ್ಕೇ ಸೇರಿತು, ಬೇಕಾದವರಿಗೆ ಈಗ ಹತ್ತಿರದಲ್ಲೇ ಇದೆ. ಆದರೆ ಹಾಡು, ಮೃದಂಗ, ವೀಣೆ ರೆಕಾರ್ಡ್ ಮಾಡುವವರಿಗೆ ಸಾಮಾನ್ಯ ಕರ್ನಲ್ಲೇ ಸಾಕು.

ಅತಿದೇಶದ ಎಲ್ಲೆ

ಎಲ್ಲಿಂದ ಎಲ್ಲಿಗೆ ಬೇಕಾದರೂ ಅತಿದೇಶ ಆಗುವುದಿಲ್ಲ. ಪ್ರಕೃತಿಯ ಲಕ್ಷಣ ವಿಕೃತಿಯಲ್ಲಿ ಕಾಣಬೇಕು. ಇಲ್ಲಿ ಆ ಲಕ್ಷಣ ಗ್ನೂ ಸಿ ಲೈಬ್ರರಿ, ಅಂದರೆ ಜಿಲಿಬ್‌ಸಿ. ಹಳೆಯ ಜಿಲಿಬ್‌ಸಿ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಭರವಸೆಯಿಲ್ಲ. ಉಬುಂಟು 22.04ರಲ್ಲಿರುವುದು 2.35. ಅದರ ಮೇಲೆ ಕಟ್ಟಿದ್ದನ್ನು 2.39 ಇರುವ ಫೆಡೋರಾ 40ಕ್ಕೆ ತರಬಹುದು. 2.31 ಇರುವ ಡೆಬಿಯನ್ 11ಕ್ಕೆ ತಂದರೆ 2.34 ಸಿಗಲಿಲ್ಲ ಎಂಬ ಸಾಲು ಬಂದು ನಿಲ್ಲುತ್ತದೆ. ಯಾಕೆ 2.34 ಎಂದರೆ, 2021ರ ಆಗಸ್ಟಿನ ಆ ಆವೃತ್ತಿಯಲ್ಲಿ ಪ್ರೋಗ್ರಾಮ್ ಶುರುವಾಗುವ ಬಾಗಿಲಿಗೇ ಹೊಸ ಆವೃತ್ತಿ ಸಂಖ್ಯೆ ಬಿತ್ತು. ಆಮೇಲೆ ಕಟ್ಟಿದ ಹೆಚ್ಚುಕಡಿಮೆ ಎಲ್ಲವೂ ಅದನ್ನು ಕೇಳುತ್ತವೆ. ಇದಕ್ಕೆ ಊಹವಿಲ್ಲ. ಜಿಲಿಬ್‌ಸಿಯನ್ನು ಕೈಯಿಂದ ಬದಲಿಸಲು ಹೋದವರು ಯಂತ್ರವನ್ನು ಮತ್ತೆ ಹೊಸದಾಗಿ ಕಟ್ಟಿದ್ದಾರೆ.

ಆಲ್ಪೈನ್‌ನಲ್ಲೂ ವಾಯ್ಡ್‌ನ ಒಂದು ರೂಪದಲ್ಲೂ ಜಿಲಿಬ್‌ಸಿಯೇ ಇಲ್ಲ, ಮಸಲ್ ಎಂಬ ಬೇರೆ ಲೈಬ್ರರಿ. ಅಲ್ಲಿ ಕಾಣುವ ದೋಷಸಂದೇಶ ಹೊಸಬರನ್ನು ಕಂಗಾಲು ಮಾಡುತ್ತದೆ: ಕಣ್ಣೆದುರಿಗೇ ಇರುವ ಫೈಲನ್ನು ‘ಅಂಥ ಫೈಲಿಲ್ಲ’ ಎನ್ನುತ್ತದೆ. ಇಲ್ಲದಿರುವುದು ಆ ಫೈಲಲ್ಲ, ಅದನ್ನು ಮೆಮೊರಿಗೆ ಏರಿಸಬೇಕಾದ ಲೋಡರ್. ನಿಕ್ಸ್‌ಓಎಸ್‌ನಲ್ಲಿ ಜಿಲಿಬ್‌ಸಿ ಇದೆ, ಆದರೆ ಯಾವುದೂ ಎಲ್ಲರೂ ಹುಡುಕುವ ಜಾಗದಲ್ಲಿಲ್ಲ. ಇಂಥ ಕಡೆ ನೇರ ಅತಿದೇಶ ಬಿಟ್ಟು, ಪ್ರಕೃತಿಯನ್ನೇ ಒಂದು ಕೋಣೆ ಮಾಡಿ ಕೂರಿಸುವ ಉಪಾಯ ಬೇಕು. ಅದು ಆಕ್ಷೇಪಗಳಲ್ಲಿ ಬರುತ್ತದೆ.

ಆಕ್ಷೇಪ, ಸಮಾಧಾನ

‘ಉಬುಂಟು ಎಂದು ಹೆಸರಿಸಿದ್ದು ಪರಿಸಂಖ್ಯೆ, ಒಂದನ್ನು ಹೇಳಿದ್ದೆಂದರೆ ಉಳಿದವನ್ನು ಬೇಡ ಎಂದ ಹಾಗೆ.’ ಅಲ್ಲ. ‘ಇಂತಿಷ್ಟು ರ‍್ಯಾಮ್ ಬೇಕು’ ಎಂಬುದರ ಪಕ್ಕದಲ್ಲಿ ‘ಉಬುಂಟು ಬೇಕು’ ಎಂದು ಬರೆದದ್ದು ಸಾಮಗ್ರಿಯ ಪಟ್ಟಿ. ನಿಷೇಧವೇನಾದರೂ ಇದ್ದರೆ ಅದು ಇರಬೇಕಾದ ಜಾಗ ಲೈಸೆನ್ಸ್ ಒಪ್ಪಂದ, ಅದನ್ನು ಓದಿಯೇ ಮುಂದುವರಿಯಬೇಕು. ಒಂದು ಮಾತು ಮಾತ್ರ ನಿಜ: ತನ್ನ ಯಂತ್ರದಲ್ಲಿ ಬಿಚ್ಚಿ ಕಟ್ಟಿಕೊಳ್ಳುವುದು ಬೇರೆ, ಕಟ್ಟಿದ ಆರ್‌ಪಿಎಂ ಅನ್ನು ಊರಿಗೆಲ್ಲ ಹಂಚುವುದು ಬೇರೆ. ಆರ್ಚ್ ಬಳಕೆದಾರರು ತಮ್ಮ ಎಯುಆರ್‌ನಲ್ಲಿ ಹಂಚುವುದು ತಂತ್ರಾಂಶವನ್ನಲ್ಲ, ಅದನ್ನು ಮೂಲದಿಂದ ಇಳಿಸಿಕೊಂಡು ಮರುಕಟ್ಟುವ ವಿಧಾನವನ್ನು. ಆ ಫೈಲುಗಳನ್ನು ಬೇರೆ ಡಿಸ್ಟ್ರೊದವರೂ ಓದಬೇಕು. ಯಾವ ಲೈಬ್ರರಿ ಬೇಕು, ಯಾವುದನ್ನು ಬಿಟ್ಟರು ಎಂಬುದೆಲ್ಲ ಅಲ್ಲಿ ತೆರೆದಿಟ್ಟಿರುತ್ತದೆ. ನನ್ನ ಮಟ್ಟಿಗೆ ಅವೇ ಈ ಶಾಸ್ತ್ರದ ಅತ್ಯುತ್ತಮ ಟೀಕೆಗಳು.

‘ಇಷ್ಟು ಒದ್ದಾಡುವ ಬದಲು ಉಬುಂಟು ಹಾಕಿಕೊಳ್ಳಬಾರದೇ?’ ಹಾಕಿಕೊಳ್ಳಬಹುದು. ಗಂಟೆಗೆ ಇಷ್ಟು ಎಂದು ಬಾಡಿಗೆ ಪಡೆಯುವ ಸ್ಟುಡಿಯೊದ ಯಂತ್ರವಾದರೆ ಉಬುಂಟು ಎಲ್‌ಟಿಎಸ್ಸೇ ಸರಿ, ಈ ಲೇಖನವನ್ನು ಇಲ್ಲಿಗೇ ಮುಚ್ಚಬಹುದು. ಒಂದೇ ಲ್ಯಾಪ್‌ಟಾಪಿನಲ್ಲಿ ಹಗಲು ಕೋಡ್ ಬರೆದು ರಾತ್ರಿ ಹಾಡು ಕಟ್ಟುವವನ ಪ್ರಶ್ನೆ ಬೇರೆ. ಅವನ ಹಗಲಿನ ಕೆಲಸ ಫೆಡೋರಾ ಕೇಳುತ್ತದೆ. ಇಂಥವರು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ.

‘ಕಂಪನಿಯೇ ಫ್ಲಾಟ್‌ಪ್ಯಾಕ್ ಕೊಡುತ್ತದಲ್ಲ, ಅತಿದೇಶದ ಗೊಡವೆ ಯಾಕೆ?’ ಇದು ಬಲವಾದ ಆಕ್ಷೇಪ. ತಂತ್ರಾಂಶದ ಒಳಗೇ ಇರುವ ವಾದ್ಯಗಳು ಸಾಕೆನ್ನುವವರು ಫ್ಲಾಟ್‌ಪ್ಯಾಕನ್ನೇ ಹಾಕಿಕೊಳ್ಳಬೇಕು, ಎರಡು ಮಾತಿಲ್ಲ. ತೊಡಕು ಪ್ಲಗಿನ್‌ಗಳದು. ಫ್ಲಾಟ್‌ಪ್ಯಾಕ್ ಒಳಗಿನ ಪ್ರೋಗ್ರಾಮಿಗೆ ಹೊರಗಿನ ‘ಯುಎಸ್ಆರ್’ ಕಾಣುವುದಿಲ್ಲ, ಅದಕ್ಕೆ ಅದರದೇ ‘ಯುಎಸ್ಆರ್’ ಇರುತ್ತದೆ. ಡಿಎನ್‌ಎಫ್‌ನಿಂದ ಹಾಕಿದ ಪ್ಲಗಿನ್‌ಗಳು ಅಲ್ಲಿ ಇಲ್ಲದ ಹಾಗೆಯೇ. ಫ್ಲಾಟ್‌ಪ್ಯಾಕ್‌ಗೆಂದೇ ಕಟ್ಟಿದ ಪ್ಲಗಿನ್ ವಿಸ್ತರಣೆಗಳಿವೆ, ಮುಕ್ತ ತಂತ್ರಾಂಶದ ಪ್ಲಗಿನ್‌ಗಳು ಅಲ್ಲಿ ಸಾಕಷ್ಟು ಸಿಗುತ್ತವೆ. ಕೊಂಡ ಪ್ಲಗಿನ್‌ಗಳನ್ನು ಹೋಮ್ ಫೋಲ್ಡರಿನಲ್ಲಿಟ್ಟು ಕಾಣುವಂತೆ ಮಾಡಿದರೂ ಅವುಗಳಿಗೆ ಬೇಕಾದ ಲೈಬ್ರರಿ ಕೋಣೆಯೊಳಗೆ ಇರಬೇಕಲ್ಲ. ವಿಂಡೋಸ್ ಪ್ಲಗಿನ್‌ಗಳನ್ನು ವೈನ್ ಮೂಲಕ ಲಿನಕ್ಸ್‌ಗೆ ತರುವ ಯಾಬ್ರಿಜ್ ಬಳಸುವವರಿಗೆ ಕಷ್ಟ ಇನ್ನೂ ಹೆಚ್ಚು, ಅದು ಕೋಣೆಯ ಹೊರಗಿನ ವೈನನ್ನೇ ಕರೆಯಬೇಕು.

‘ಹಾಗಾದರೆ ಡಿಸ್ಟ್ರೊಬಾಕ್ಸ್?’ ಇದನ್ನು ನಾನು ಆಕ್ಷೇಪ ಎನ್ನುವುದಿಲ್ಲ, ಸಹೋದರ ಸಿದ್ಧಾಂತ ಎನ್ನುತ್ತೇನೆ. ಫೆಡೋರಾ ಕರ್ನಲ್ ಮೇಲೆಯೇ ಕಂಟೇನರಿನಲ್ಲಿ ಒಂದು ಉಬುಂಟು, ಅದರೊಳಗೆ ಎಪಿಟಿಯಿಂದ ಡೆಬ್ ಇನ್‌ಸ್ಟಾಲ್. ಲೈಬ್ರರಿಯ ಹೆಸರುಗಳು ತಾವಾಗಿ ಕೂಡುತ್ತವೆ, ಊಹವೇ ಬೇಡ. ಪರದೆಯೂ ಪೈಪ್‌ವೈರ್ ಸಾಕೆಟ್ಟೂ ಒಳಗೆ ಸಿಗುತ್ತವೆ, ಹೋಮ್ ಫೋಲ್ಡರ್ ಎರಡಕ್ಕೂ ಒಂದೇ. ನಿಕ್ಸ್‌ಓಎಸ್‌ನಂಥ ಕಡೆ ನಾನು ಸೂಚಿಸುವುದು ಇದನ್ನೇ. ಪ್ಲಗಿನ್‌ಗಳನ್ನೂ ಅದೇ ಕಂಟೇನರಿನಲ್ಲಿ ಹಾಕಿಕೊಳ್ಳಬೇಕು ಎಂಬುದನ್ನು ಮರೆಯದಿದ್ದರೆ ಸರಿ. ಒಳಗಿನ ಉಬುಂಟುವಿಗೂ ಕಾಲಕಾಲಕ್ಕೆ ಅಪ್‌ಡೇಟ್ ಹಾಕಬೇಕೆಂಬುದನ್ನು ಮಾತ್ರ ಮುಕ್ಕಾಲು ಮಂದಿ ಮರೆಯುತ್ತಾರೆ.

‘ಏಲಿಯನ್ ಎಂಬ ಸಾಧನ ಡೆಬ್ಬನ್ನು ಆರ್‌ಪಿಎಂ ಮಾಡಿಕೊಡುತ್ತದಲ್ಲ?’ ಮಾಡಿಕೊಡುತ್ತದೆ, ವಿಚಾರವನ್ನು ಮಾಡಿಕೊಡುವುದಿಲ್ಲ. ಅದು ಕಟ್ಟಿದ ಆರ್‌ಪಿಎಂ ‘ಯುಎಸ್ಆರ್’, ‘ಬಿನ್’ ಎಂಬ ಡೈರೆಕ್ಟರಿಗಳೂ ತನ್ನವೇ ಎಂದು ಹಕ್ಕು ಹೂಡುತ್ತದೆ. ಅವು ಫೆಡೋರಾದ ‘ಫೈಲ್‌ಸಿಸ್ಟಮ್’ ಪ್ಯಾಕೇಜಿನ ಸ್ವತ್ತಾದ್ದರಿಂದ ಡಿಎನ್‌ಎಫ್ ಜಗಳ ತೆಗೆಯುತ್ತದೆ. ಅಲ್ಲಿ ‘ಬಲವಂತ ಮಾಡು’ ಎಂಬ ಆಯ್ಕೆ ಹಾಕುವುದು ತಪ್ಪು. ಆರ್‌ಪಿಎಂನ ಫೈಲುಪಟ್ಟಿಯಿಂದ ಆ ಡೈರೆಕ್ಟರಿಗಳ ಸಾಲುಗಳನ್ನು ತೆಗೆಯುವುದು ಸರಿ. ಅಷ್ಟು ಮಾಡಬಲ್ಲವನಿಗೆ ಆರ್‌ಪಿಎಂ ಕಟ್ಟುವ ವಿಧಾನ ಹೇಳುವ ಒಂದು ಪುಟದ ಸ್ಪೆಕ್ ಫೈಲನ್ನು ತಾನೇ ಬರೆಯುವುದು ಕಷ್ಟವಲ್ಲ. ಹಾಗೆ ಬರೆದರೆ ಯಾವ ಫೈಲು ಯಾರದ್ದು ಎಂಬ ಲೆಕ್ಕ ಡಿಎನ್‌ಎಫ್ ಬಳಿ ಇರುತ್ತದೆ, ತೆಗೆಯುವಾಗ ಚೂರೂ ಉಳಿಯದೆ ಹೋಗುತ್ತದೆ.

‘ಮುಕ್ತ ತಂತ್ರಾಂಶ ಅರ್ಡೋರ್ ಇರುವಾಗ ಈ ಪ್ರಶ್ನೆಯೇ ಏಳದು. ಅದು ಫೆಡೋರಾದ ಭಂಡಾರದಲ್ಲೇ ಇದೆ.’ ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್ ಉದ್ದೇಶವಾದರೆ ನಾನೂ ಅರ್ಡೋರನ್ನೇ ಹೇಳುತ್ತೇನೆ. 2022ರ ಏಳನೆಯ ಆವೃತ್ತಿಯಿಂದ ಕ್ಲಿಪ್ ಹಾರಿಸಿ ನುಡಿಸುವ ಸೌಲಭ್ಯವೂ ಬಂದು ಬಿಟ್‌ವಿಗ್‌ಗೂ ಅದಕ್ಕೂ ಇದ್ದ ದೂರ ಕೊಂಚ ಕಡಿಮೆಯಾಗಿದೆ. ಆದರೆ ಪ್ರಶ್ನೆ ಏಳದು ಎಂಬುದು ಸರಿಯಲ್ಲ. ಅರ್ಡೋರ್ ತಯಾರಕರು ಬೇಕಾದ ಲೈಬ್ರರಿಗಳನ್ನೆಲ್ಲ ಜೊತೆಗಿಟ್ಟು ತಾವೇ ಕಟ್ಟಿಕೊಡುವ ಆವೃತ್ತಿಯನ್ನೇ ಬಳಸಿ ಎನ್ನುತ್ತಾರೆ, ಡಿಸ್ಟ್ರೊದವರು ಕಟ್ಟಿದ್ದರಲ್ಲಿ ತೊಂದರೆ ಬಂದರೆ ಡಿಸ್ಟ್ರೊದವರನ್ನೇ ಕೇಳಿ ಎನ್ನುತ್ತಾರೆ. ಅಂದರೆ ಫೆಡೋರಾದ ಭಂಡಾರದಿಂದ ಹಾಕಿದ ಅರ್ಡೋರ್ ಕೂಡ, ಅದನ್ನು ಬರೆದವರ ದೃಷ್ಟಿಯಲ್ಲಿ, ಬೆಂಬಲವಿಲ್ಲದ್ದೇ. ‘ಬೆಂಬಲವಿಲ್ಲ’ ಎಂಬುದಕ್ಕೆ ‘ನಾವು ನೋಡಿಲ್ಲ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಕೊನೆಯದು, ಎಲ್ಲಕ್ಕಿಂತ ಭಾರವಾದದ್ದು: ‘ಇವತ್ತು ಓಡಿತು. ಆರು ತಿಂಗಳಿಗೆ ಫೆಡೋರಾ ಬದಲಾದಾಗ?’ ಇದಕ್ಕೆ ಪೂರ್ತಿ ಸಮಾಧಾನ ನನ್ನ ಬಳಿ ಇಲ್ಲ, ಯಾರ ಬಳಿಯೂ ಇಲ್ಲ. ವಿಕೃತಿ ಬದಲಾದಾಗಲೆಲ್ಲ ವಿಚಾರವನ್ನು ಹೊಸದಾಗಿ ಮಾಡಲೇಬೇಕು. ಮಾಡಬಹುದಾದ್ದು ಇಷ್ಟು. ಆಪ್ಟ್ ಕೆಳಗೆ ಫೋಲ್ಡರಿಗೆ ಆವೃತ್ತಿಯ ಹೆಸರಿಟ್ಟು, ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಹೊಸದನ್ನು ಇಡಬೇಕು. ಡೆಬ್ ಫೈಲನ್ನೂ ಕಾಪಿಟ್ಟುಕೊಳ್ಳಬೇಕು. ಹಾಡೊಂದು ಅರ್ಧ ಆಗಿರುವಾಗ ಡಿಸ್ಟ್ರೊವನ್ನು ಮುಂದಿನ ಆವೃತ್ತಿಗೆ ಏರಿಸಬಾರದು. ಫೆಡೋರಾದ ಒಂದೊಂದು ಆವೃತ್ತಿಗೆ ಹದಿಮೂರು ತಿಂಗಳು ಸಿಗುವುದರಿಂದ ನಡುವಿನ ಒಂದನ್ನು ಬಿಟ್ಟು ವರ್ಷಕ್ಕೊಮ್ಮೆ ಏರಿಸಿದರೂ ನಡೆಯುತ್ತದೆ. ಮುಗಿದ ಹಾಡಿನ ಪ್ರತಿ ಟ್ರ್ಯಾಕನ್ನೂ ವೇವ್ ಫೈಲಾಗಿ ಹೊರತೆಗೆದಿಡಬೇಕು. ಆ ಫೈಲು ಯಾವ ಡಿಸ್ಟ್ರೊದಲ್ಲಿ ಯಾವ ತಂತ್ರಾಂಶದಲ್ಲಾದರೂ ತೆರೆದುಕೊಳ್ಳುತ್ತದೆ.

ಇದರಲ್ಲೇ ಇನ್ನೊಂದು ಉಪಪ್ರಶ್ನೆ: ದೋಷ ಕಂಡರೆ ಕಂಪನಿಗೆ ಬರೆಯಬಹುದೇ? ಬರೆಯಬಹುದು, ಆದರೆ ಮೊದಲು ಡಿಸ್ಟ್ರೊಬಾಕ್ಸ್‌ನಲ್ಲಿ ಒಂದು ಉಬುಂಟು ಎಬ್ಬಿಸಿ ಅದೇ ಪ್ರಾಜೆಕ್ಟನ್ನು ತೆರೆದು ನೋಡಬೇಕು. ಅಲ್ಲಿ ದೋಷ ಕಾಣದಿದ್ದರೆ ಅದು ಬಹುಪಾಲು ನಮ್ಮ ಊಹದ್ದೋ ಬಾಧದ್ದೋ ತಪ್ಪು, ನಾವೇ ತಿದ್ದಿಕೊಳ್ಳಬೇಕು. ಅಲ್ಲೂ ಕಂಡರೆ ಬರೆಯುವ ಮೇಲ್‌ನ ಮೊದಲ ಸಾಲಿನಲ್ಲೇ ಯಂತ್ರ ಫೆಡೋರಾ ಎಂದೂ, ದೋಷವನ್ನು ಉಬುಂಟು ಕಂಟೇನರಿನಲ್ಲಿಯೂ ಕಂಡಿದ್ದೇವೆಂದೂ ಹೇಳಿ, ಎಂಜಿನ್‌ನ ಲಾಗ್ ಫೈಲನ್ನು ಲಗತ್ತಿಸಬೇಕು.